ಬಡತನವನ್ನು ಎಐ ಅಳೆಯುವಾಗ ಸಮೀಕ್ಷೆ ಯಾಕೆ?

ನನ್ನ ಕೆಲಸ ಸಮೀಕ್ಷೆಯ ಅಂಕಿಅಂಶಗಳ ಜೊತೆ ಎಂದು ಗೊತ್ತಾದ ಕೂಡಲೇ ಜನ ಕೇಳುವುದು ಇದನ್ನೇ: ‘ಉಪಗ್ರಹದ ಚಿತ್ರ ನೋಡಿಯೇ ಯಾವ ಊರು ಬಡವಾಗಿದೆ ಎಂದು ಎಐ ಹೇಳುತ್ತದಂತಲ್ಲ, ಇನ್ನೂ ಮನೆಮನೆಗೆ ಹೋಗಿ ಎಣ್ಣೆ ಎಷ್ಟು, ಬೇಳೆ ಎಷ್ಟು ಎಂದು ಬರೆದುಕೊಳ್ಳುವುದು ಯಾಕೆ?’

ಹೇಳುತ್ತದೆ, ಸುಳ್ಳಲ್ಲ. ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ನೈಜೀರಿಯಾ, ತಾಂಜಾನಿಯಾ, ಉಗಾಂಡಾ, ಮಲಾವಿ, ರುವಾಂಡಾಗಳಲ್ಲಿ ಮಾಡಿ ತೋರಿಸಿದ್ದಾರೆ. ರಾತ್ರಿಯ ಬೆಳಕು ನೋಡಿ ಆರ್ಥಿಕತೆಯನ್ನು ಅಂದಾಜು ಮಾಡುವುದು ಅದಕ್ಕೂ ಹಳೆಯ ಉಪಾಯ. ಆದರೆ ಕಡುಬಡವರ ಊರುಗಳೆಲ್ಲ ಒಂದೇ ಸಮನಾಗಿ ಕತ್ತಲಲ್ಲಿರುತ್ತವೆ. ಅವುಗಳಲ್ಲಿ ಯಾವುದರ ಸ್ಥಿತಿ ಹೆಚ್ಚು ಕೆಟ್ಟಿದೆ ಎಂದು ತಿಳಿಯುವುದು ಹೇಗೆ? ಅದಕ್ಕೇ ಅವರು ಹಗಲಿನ ಚಿತ್ರಗಳಿಗೆ ಕೈಹಾಕಿದರು. ಮನೆಯ ಮಾಡು, ರಸ್ತೆ, ಹೊಲ, ನೀರು ಇವುಗಳ ಗುರುತು ಹಿಡಿದು ಊರೂರಿನ ನಡುವಣ ಆರ್ಥಿಕ ವ್ಯತ್ಯಾಸದಲ್ಲಿ ಶೇ. 75ರವರೆಗೂ ಅವರ ಎಐ ಮಾದರಿ ವಿವರಿಸಿತು.

ಸುದ್ದಿಯಲ್ಲಿ ಬಿಟ್ಟುಹೋಗುವ ಮಾತೊಂದಿದೆ. ಇದು ಬಡ ಊರು, ಇದು ಅನುಕೂಲಸ್ಥರ ಊರು ಎಂದು ಆ ಕಂಪ್ಯೂಟರಿಗೆ ಕಲಿಸಿದ್ದು ಮನೆಮನೆಗೆ ಹೋಗಿ ಬರೆದುಕೊಂಡು ಬಂದ ಸಮೀಕ್ಷೆಗಳೇ. ಉತ್ತರವನ್ನು ಮೊದಲು ಯಾರೋ ಕೇಳಿ ತಂದಿರಬೇಕು. ಸಮೀಕ್ಷೆ ಮುಟ್ಟದ ಊರುಗಳಿಗೆ ಎಐ ಅದನ್ನು ವಿಸ್ತರಿಸುತ್ತದೆ, ಅಷ್ಟೆ.

ಕೇಳಿ ತರುವುದು ಸುಲಭದ ಕೆಲಸವೂ ಅಲ್ಲ. ನಮ್ಮ ದೇಶದಲ್ಲಿ 2022ರ ಆಗಸ್ಟ್‌ನಿಂದ 2023ರ ಜುಲೈವರೆಗೆ ನಡೆದ ಗೃಹಬಳಕೆ ವೆಚ್ಚದ ಸಮೀಕ್ಷೆಯಲ್ಲಿ 2,61,746 ಮನೆಗಳಿದ್ದವು. ಒಂದೊಂದು ಮನೆಗೂ ಮೂರು ಸಲ ಹೋಗಬೇಕಿತ್ತು. ತರಕಾರಿ, ಎಣ್ಣೆ, ಮೊಟ್ಟೆಗೆ ಕಳೆದ ಏಳು ದಿನದ ಲೆಕ್ಕ, ಅಕ್ಕಿಗೆ ಮೂವತ್ತು ದಿನದ್ದು, ಬಟ್ಟೆಬರೆಗೆ ಇಡೀ ವರ್ಷದ್ದು. ಕೊಂಡಿದ್ದು ಮಾತ್ರ ಬರೆದರೆ ಸಾಲದು. ಸ್ವಂತ ಹೊಲದ ರಾಗಿಗೂ ಬೆಲೆ ಕಟ್ಟಬೇಕು, ಪಡಿತರದ ಅಕ್ಕಿಯನ್ನು ಬೇರೆಯಾಗಿ ಕೇಳಬೇಕು. ‘ಎಣ್ಣೆ ಒಂದು ಲೀಟರ್’ ಎಂದ ಮನೆಯಾಕೆಗೆ ‘ವಾರದಲ್ಲಿ ನೆಂಟರು ಬಂದಿದ್ದರೇನಮ್ಮ?’ ಎಂದು ಮತ್ತೆ ಕೇಳಿದರೆ ಲೆಕ್ಕ ಬೇರೆಯಾಗಬಹುದು. ಈ ಎರಡನೆಯ ಪ್ರಶ್ನೆಯನ್ನು ಆಕಾಶದಿಂದ ಕೇಳಲು ಬರುವುದಿಲ್ಲ.

ಸಮೀಕ್ಷೆಯ ಲೆಕ್ಕ ಸಿಗದಿದ್ದರೆ ಏನಾಗುತ್ತದೆ ಎಂಬುದೂ ನಮಗೆ ಗೊತ್ತು. 2011-12ರ ನಂತರ 2017-18ರಲ್ಲಿ ನಡೆದ ಸಮೀಕ್ಷೆಯ ಫಲಿತಾಂಶವನ್ನು, ಗುಣಮಟ್ಟ ಸರಿಯಿಲ್ಲ ಎಂದು ಸರ್ಕಾರ ಬಿಡುಗಡೆ ಮಾಡಲಿಲ್ಲ. 2022-23ರ ಸಮೀಕ್ಷೆ ಬರುವವರೆಗಿನ ವರ್ಷಗಳಲ್ಲಿ ಭಾರತದ ಬಡತನ ಎಷ್ಟು ಎಂದು ಅರ್ಥಶಾಸ್ತ್ರಜ್ಞರು ತಂತಮ್ಮ ಅಂದಾಜು ಹಿಡಿದು ಜಗಳವಾಡಿದರು. ಹಳೆಯ ಲೆಕ್ಕದಿಂದ ಕಲಿತ ಎಐ ಹಳೆಯ ಭಾರತವನ್ನೇ ಹೊಸ ಚಿತ್ರಗಳಲ್ಲಿ ಹುಡುಕುತ್ತದೆ.

ಹಾಗೆಂದು ಎಐ ಬೇಡ ಎನ್ನುವವರ ಗುಂಪಿಗೂ ನಾನು ಸೇರಿದವನಲ್ಲ. ಕೋವಿಡ್ ಕಾಲದಲ್ಲಿ ಪಶ್ಚಿಮ ಆಫ್ರಿಕಾದ ಟೋಗೊ ದೇಶದ ಬಳಿ ಬಡವರ ಪಟ್ಟಿಯೇ ಇರಲಿಲ್ಲ. ಅಲ್ಲಿನ ಸರ್ಕಾರದ ತುರ್ತು ನೆರವಿನ ‘ನೊವಿಸ್ಸಿ’ ಯೋಜನೆಯ ಹಣವನ್ನು ಹಳ್ಳಿಗಳಿಗೆ ವಿಸ್ತರಿಸುವಾಗ, ಉಪಗ್ರಹ ಚಿತ್ರಗಳಿಂದ ಬಡ ಪ್ರದೇಶಗಳನ್ನೂ ಮೊಬೈಲ್ ಬಳಕೆಯ ದಾಖಲೆಯಿಂದ ಬಡವರನ್ನೂ ಆರಿಸಿದರು. 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಬರೀ ಪ್ರದೇಶ ನೋಡಿ ಹಂಚುವ ದಾರಿಗಳಿಗಿಂತ ಇದರಲ್ಲಿ ಅರ್ಹರು ಬಿಟ್ಟುಹೋಗುವ ತಪ್ಪು ಶೇ. 4ರಿಂದ 21ರಷ್ಟು ಕಡಿಮೆ. ಆದರೆ ಎಲ್ಲ ಮನೆಗಳ ಸ್ಥಿತಿಗತಿ ಬರೆದಿಟ್ಟ ಪೂರ್ಣ ಪಟ್ಟಿ (ಸಾಮಾಜಿಕ ನೋಂದಣಿ) ಇದ್ದಿದ್ದರೆ ಎಂದು ಲೆಕ್ಕ ಹಾಕಿ ಹೋಲಿಸಿದಾಗ ಅದೇ ತಪ್ಪು ಶೇ. 9ರಿಂದ 35ರಷ್ಟು ಹೆಚ್ಚು. ಜೊತೆಗೆ ಫೋನೇ ಇಲ್ಲದವರ ದಾಖಲೆ ಎಲ್ಲಿಂದ ಬರಬೇಕು? ಮನೆಮಂದಿಗೆಲ್ಲ ಒಂದೇ ಫೋನ್ ಇದ್ದರೆ ಅದು ಯಾರ ಸ್ಥಿತಿಯನ್ನು ಹೇಳುತ್ತದೆ?

ಆದರೂ ಹಸಿದವರಿಗೆ ‘ಪಟ್ಟಿ ಸಿದ್ಧವಾಗಲಿ, ಕಾಯಿರಿ’ ಎನ್ನುವುದಕ್ಕಿಂತ ಈ ದಾರಿ ಎಷ್ಟೋ ವಾಸಿ. ಅಂದಹಾಗೆ, ಆ ಮಾದರಿಗೆ ಕಲಿಸಲೆಂದು 2020ರ ಸೆಪ್ಟೆಂಬರಿನಲ್ಲಿ ಸುಮಾರು 10,000 ಜನರಿಗೆ ಫೋನ್ ಮಾಡಿ ಸಮೀಕ್ಷೆ ನಡೆಸಿದ್ದರು.