ಟ್ಯೂಬಿಂಗೆನ್‌ನಿಂದ ಬಂದವಳ ಪರೀಕ್ಷಾ ತಯಾರಿ

ಈ ಡಿಸೆಂಬರಿನಲ್ಲಿ ನಾನು ಬರೆಯಬೇಕಾದ ಪತ್ರಿಕೆಗಳಲ್ಲಿ ಒಂದು ಒಂಬತ್ತನೆಯ ಸೆಮಿಸ್ಟರಿನದಲ್ಲ, ಏಳನೆಯದು. ಐದು ವರ್ಷಗಳ ಸಂಯೋಜಿತ ಎಂ.ಎ. ಇತಿಹಾಸದ ಏಳನೆಯ ಸೆಮಿಸ್ಟರನ್ನು ವಿನಿಮಯ ವಿದ್ಯಾರ್ಥಿನಿಯಾಗಿ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಓದಿದೆ. ಅಲ್ಲಿನ ಕೋರ್ಸುಗಳಲ್ಲಿ ಹೆಚ್ಚಿನವನ್ನು ಕಾಲೇಜಿನವರು ಇಲ್ಲಿನ ಕ್ರೆಡಿಟ್‌ಗಳಿಗೆ ಹೊಂದಿಸಿಕೊಟ್ಟರು. ಆದರೆ ‘ಆಧುನಿಕ ಕರ್ನಾಟಕದ ಇತಿಹಾಸ’ಕ್ಕೆ ಸಮನಾದದ್ದು ಅಲ್ಲಿ ಯಾವುದೂ ಇರಲಿಲ್ಲವಾದ್ದರಿಂದ ಆ ಪತ್ರಿಕೆ ಬಾಕಿ ಉಳಿಯಿತು, ಈಗ ಒಂದು ವರ್ಷ ಕಿರಿಯರ ಜೊತೆ ಕುಳಿತು ಅದನ್ನು ಬರೆಯಬೇಕಾಗಿದೆ.

ವಿಚಿತ್ರವೆಂದರೆ, ಅದೇ ಪತ್ರಿಕೆಯ ಪಠ್ಯಕ್ರಮದೊಳಗೆ ಟ್ಯೂಬಿಂಗೆನ್ ಅಡಗಿ ಕುಳಿತಿದೆ. ಕನ್ನಡಕ್ಕೆ ಕ್ರೈಸ್ತ ಮಿಷನರಿಗಳ ಕೊಡುಗೆಯನ್ನು ವಿವರಿಸಿ ಎಂಬ ಹತ್ತು ಅಂಕದ ಪ್ರಶ್ನೆ ನಮ್ಮ ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು, 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ್ದು, 1894ರಲ್ಲಿ ಫರ್ಡಿನೆಂಡ್ ಕಿಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು, ಅದರಲ್ಲಿ ಸುಮಾರು 70,000 ಪದಗಳಿರುವುದು: ಇಷ್ಟನ್ನು ಮೂರು ಪುಟಗಳಲ್ಲಿ ಕ್ರಮವಾಗಿ ಬರೆದರೆ ಏಳೆಂಟು ಅಂಕಗಳಿಗೆ ಮೋಸವಿಲ್ಲ. ಮೊಗ್ಲಿಂಗ್ ದೇವತಾಶಾಸ್ತ್ರವನ್ನು ಓದಿದ್ದು ಟ್ಯೂಬಿಂಗೆನ್‌ನಲ್ಲಿ. ಕಿಟೆಲ್ ನಿಘಂಟಿನ ಕೆಲಸದ ಕೊನೆಗೆ ನೆಲೆಸಿ 1903ರಲ್ಲಿ ತೀರಿಕೊಂಡದ್ದೂ ಅದೇ ಊರಿನಲ್ಲಿ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಕಿಟೆಲ್ ಪ್ರತಿಮೆಯನ್ನು ಚಿಕ್ಕಂದಿನಿಂದ ಬಸ್ಸಿನ ಕಿಟಕಿಯಲ್ಲಿ ನೋಡುತ್ತ ಬಂದವಳು, ನೆಕ್ಕರ್ ನದಿಯ ಸೇತುವೆ ದಾಟಿ ತರಗತಿಗೆ ಹೋಗುವಾಗ ಅವರೂ ಈ ಚಳಿಯಲ್ಲಿ ಕನ್ನಡ ಪದಗಳ ಕರಡು ತಿದ್ದುತ್ತಿದ್ದಿರಬೇಕು ಎಂದುಕೊಂಡದ್ದುಂಟು. ಈಗ ಆ ಪಾಠದ ಟಿಪ್ಪಣಿ ತೆರೆದರೆ ಮೊದಲು ಬರುವುದು ಇಸವಿಗಳಲ್ಲ, ಆ ಸೇತುವೆ. ನೆನಪು ಓದಿಗೆ ಅಡ್ಡಬರುತ್ತದೆ ಎಂದರೆ ಸುಮ್ಮನೆ ಕನಸು ಕಾಣುತ್ತ ಕೂರುವುದು ಎಂದು ಅಮ್ಮ ತಿಳಿದಿದ್ದಾರೆ. ನನ್ನ ತೊಡಕು ಅದಲ್ಲ, ನೆನಪು ಪಠ್ಯದ ಒಳಗಿನಿಂದಲೇ ಏಳುತ್ತದೆ.

ಅದಕ್ಕಿಂತ ದೊಡ್ಡ ತೊಡಕು ಬರವಣಿಗೆಯ ಅಭ್ಯಾಸದ್ದು. ಅಲ್ಲಿನ ಇತಿಹಾಸದ ಸೆಮಿನಾರುಗಳಲ್ಲಿ ಮೂರು ಗಂಟೆಯ ಪರೀಕ್ಷೆ ನನಗಿರಲಿಲ್ಲ. ಒಮ್ಮೆ ತರಗತಿಯ ಮುಂದೆ ವಿಷಯ ಮಂಡಿಸಬೇಕು (ಮುಗಿದ ಮೇಲೆ ಚಪ್ಪಾಳೆಯ ಬದಲು ಎಲ್ಲರೂ ಮೇಜನ್ನು ಬೆರಳಗೆಣ್ಣಿನಿಂದ ಕುಟ್ಟುತ್ತಾರೆ, ಮೊದಲ ಸಲ ನನ್ನ ಮೇಲೆ ಸಿಟ್ಟಾಗಿದ್ದಾರೆಂದೇ ಭಾವಿಸಿದ್ದೆ). ಫೆಬ್ರವರಿಯಲ್ಲಿ ಪಾಠಗಳು ಮುಗಿದ ಮೇಲೆ, ರಜೆಯಲ್ಲಿ ಕುಳಿತು, ಹದಿನೈದಿಪ್ಪತ್ತು ಪುಟಗಳ ಪ್ರಬಂಧವನ್ನು ಬರೆದು ಒಪ್ಪಿಸಬೇಕು. ನಾನು ಒಯ್ದ ವಿಷಯವನ್ನು ಪ್ರಾಧ್ಯಾಪಕರು ಪ್ರತಿ ಭೇಟಿಯಲ್ಲೂ ಕಿರಿದುಗೊಳಿಸುತ್ತಿದ್ದರು. ಕೊನೆಗೆ ಉಳಿದದ್ದು ಒಂದೇ ಪ್ರಶ್ನೆ, ಅದಕ್ಕೆ ವಾರಗಟ್ಟಲೆ ಸಮಯ, ಪ್ರತಿ ವಾಕ್ಯಕ್ಕೂ ಆಧಾರ. ಆ ರೂಢಿಗೆ ಒಗ್ಗಿದ ಕೈ ಇಲ್ಲಿ ಹತ್ತು ಅಂಕದ ಉತ್ತರಕ್ಕೆ ಸಿಗುವ ಇಪ್ಪತ್ತು ನಿಮಿಷಗಳಲ್ಲಿ ತಡವರಿಸುತ್ತದೆ. ‘ಮಂಗಳೂರ ಸಮಾಚಾರ ಕನ್ನಡದ ಮೊದಲ ಪತ್ರಿಕೆ’ ಎಂದು ಬರೆದು ಮುಂದಿನ ವಾಕ್ಯಕ್ಕೆ ಹೋಗಬೇಕಾದ ಕಡೆ, ಯಾವ ಅರ್ಥದಲ್ಲಿ ಮೊದಲನೆಯದು, ಅದನ್ನು ಓದುತ್ತಿದ್ದವರು ಯಾರು ಎಂದು ಪೆನ್ನು ನಿಲ್ಲುತ್ತದೆ.

ಹಾಗೆಂದು ಅಲ್ಲಿಯದು ಉತ್ತಮ, ಇಲ್ಲಿಯದು ಬರೀ ಉರುಹೊಡೆಯುವುದು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಆ ಇಪ್ಪತ್ತು ಪುಟಗಳ ವಿಷಯವನ್ನು ಬಿಟ್ಟು ಆಚೆ ಈಚೆ ಏನು ಕೇಳಿದರೂ ಅಲ್ಲಿನ ನನ್ನ ಸಹಪಾಠಿಗಳು ಪುಸ್ತಕ ತೆರೆಯುತ್ತಿದ್ದರು. 1799ರಿಂದ 1956ರವರೆಗಿನ ಕರ್ನಾಟಕವನ್ನು, ಅಂದರೆ ಶ್ರೀರಂಗಪಟ್ಟಣದ ಪತನದಿಂದ ಏಕೀಕರಣದವರೆಗೆ, 1831ರಿಂದ 1881ರ ತನಕ ಮೈಸೂರಿನಲ್ಲಿದ್ದ ಬ್ರಿಟಿಷ್ ಕಮಿಷನರುಗಳ ಆಡಳಿತವನ್ನೂ ಸೇರಿಸಿ, ತಲೆಯಲ್ಲಿ ಒಂದೇ ಸಾಲಾಗಿ ಇಟ್ಟುಕೊಳ್ಳಲು ಕಲಿಸಿದ್ದು ನಾವು ಬೈದುಕೊಳ್ಳುವ ಈ ಪರೀಕ್ಷೆಯೇ. ಟ್ಯೂಬಿಂಗೆನ್‌ನ ನೆನಪು ಇದನ್ನು ಸುಲಭವಾಗಿ ಮರೆಸುತ್ತದೆ. ಸಂಜೆ ಐದಕ್ಕೇ ಕತ್ತಲಾಗುವ ಕೋಣೆಯಲ್ಲಿ, ಮನೆಯವರ ಜೊತೆ ಮಾತಾಡೋಣವೆಂದರೆ ಇಲ್ಲಿ ಆಗಲೇ ರಾತ್ರಿ ಒಂಬತ್ತೂವರೆಯಾಗಿ ಅಪ್ಪ ಆಕಳಿಸುತ್ತಿದ್ದ ದಿನಗಳನ್ನೂ ಅದು ಮರೆಸಿದೆ.

ಅಂಕಗಳ ವಿಚಾರದಲ್ಲಂತೂ ಮನೆಯಲ್ಲಿ ಒಂದು ಪ್ರಹಸನವೇ ನಡೆಯಿತು. ಅಲ್ಲಿ 1.0 ಅತ್ಯುತ್ತಮ, 4.0 ತೇರ್ಗಡೆಯ ಅಂಚು, 5.0 ಎಂದರೆ ಫೇಲು. ನನ್ನ 1.7 ನೋಡಿದ ಅಮ್ಮ “ಹತ್ತಕ್ಕೆ ಎರಡೂ ಇಲ್ಲವೇನೇ?” ಎಂದರು. ವಿವರಿಸಿದ ಮೇಲೂ ಅಜ್ಜಿಗೆ ಆ ಸಂಖ್ಯೆಯನ್ನು ಹೇಳಲಿಲ್ಲ.

ಈಗ ನಾನು ಮಾಡಿಕೊಂಡಿರುವ ಏರ್ಪಾಡು ಇಷ್ಟೇ. ಬೆಳಿಗ್ಗೆ ವಿಜಯನಗರದಿಂದ ಮೆಟ್ರೋದಲ್ಲಿ ಇಸವಿಗಳ ಪಟ್ಟಿ. ಮಧ್ಯಾಹ್ನ ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯದಲ್ಲಿ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಗಡಿಯಾರ ಇಟ್ಟುಕೊಂಡು ಬರೆಯುವುದು. ಅಲ್ಲಿನ ಗೆಳತಿಯರ ವಾಟ್ಸಾಪ್ ಗುಂಪನ್ನು ಪರೀಕ್ಷೆ ಮುಗಿಯುವವರೆಗೆ ಮ್ಯೂಟ್ ಮಾಡಿದ್ದೇನೆ, ಏಕೆಂದರೆ ಅವರು ಸಂಜೆ ಕಳಿಸುವ ಹಿಮದ ಚಿತ್ರಗಳು ಇಲ್ಲಿಗೆ ತಲುಪುವುದು ನಾನು ಕೊನೆಯ ಘಟಕ ತೆರೆಯುವ ಹೊತ್ತಿಗೆ. ಓದುವಾಗ ಏಳುವ ಪ್ರಶ್ನೆಗಳನ್ನು ಅದುಮುವುದಿಲ್ಲ; ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಒಂದು ಸಾಲು ಬರೆದಿಟ್ಟು ಪಾಠಕ್ಕೆ ಮರಳುತ್ತೇನೆ. ಮೊಗ್ಲಿಂಗರ ಓದುಗರು ಯಾರು ಎಂಬುದು ಅಲ್ಲಿದೆ, ಕಿಟೆಲ್ಲರ ಕೊನೆಯ ವರ್ಷಗಳೂ ಅಲ್ಲಿವೆ. ಹತ್ತನೆಯ ಸೆಮಿಸ್ಟರಿನ ಕಿರುಪ್ರಬಂಧಕ್ಕೆ ವಿಷಯ ಸೂಚಿಸುವಾಗ ಆ ಪುಟವನ್ನು ಮಾರ್ಗದರ್ಶಕರ ಮುಂದಿಡುವ ಯೋಚನೆಯಿದೆ. ಸದ್ಯಕ್ಕೆ ಮೈಸೂರು ಸಂಸ್ಥಾನದ ದಿವಾನ್ ರಂಗಾಚಾರ್ಲು ಅವರ ಪ್ರಜಾಪ್ರತಿನಿಧಿ ಸಭೆಯ ಪಾಠ ಬಾಕಿಯಿದೆ, ಶುಕ್ರವಾರದೊಳಗೆ ಮುಗಿಸಬೇಕು.