ಚಳಿ ತಡೆಯೋಕೆ ಆಗುತ್ತಾ ಅಂತ ಕೇಳುವವರಿಗೆ

ಫೋನ್ ಮಾಡಿದವರೆಲ್ಲ ಮೊದಲು ಕೇಳುವುದು ಇದನ್ನೇ. "ಅಷ್ಟು ಚಳೀಲಿ ಹೇಗೆ ಇದ್ದೀಯೇ?" ಇದು ಅತ್ತೆ. "ಮೊದಲ ಸಲ ಸ್ನೋ ನೋಡ್ದಾಗ ಹೆಂಗನ್ನಿಸ್ತು?" ಇದು ಗೆಳೆಯರು. ಮುಂದಿನ ವರ್ಷ ಹೊರಗೆ ಓದಲು ಹೊರಟವರು ಇನ್ನೂ ಚುರುಕು, "ಅಕ್ಕ, ಯಾವ ಜಾಕೆಟ್ ತಗೊಳ್ಳಲಿ?" ಅಂತ ನೇರವಾಗಿ ವಿಷಯಕ್ಕೆ ಬರುತ್ತಾರೆ. ಒಬ್ಬೊಬ್ಬರಿಗೂ ಅರ್ಧರ್ಧ ಉತ್ತರ ಕೊಟ್ಟು ಸಾಕಾಗಿದೆ. ಇಲ್ಲಿ ಪೂರ್ತಿ ಬರೆದಿಡುತ್ತೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸಿದರಾಯಿತು.

ನಾನು ಓದುತ್ತಿರುವ ಊರು ಉಮೆಯೊ. ಸ್ವೀಡನ್ನಿನ ಉತ್ತರ ಭಾಗದಲ್ಲಿ, ಆರ್ಕ್ಟಿಕ್ ವೃತ್ತಕ್ಕಿಂತ ಸುಮಾರು 300 ಕಿಲೋಮೀಟರ್ ಕೆಳಗಿದೆ. ಊರ ನಡುವೆ ನದಿ, ರಸ್ತೆಯ ಎರಡೂ ಕಡೆ ಬರ್ಚ್ ಮರ. 1888ರಲ್ಲಿ ಊರಿನ ಬಹುಪಾಲು ಸುಟ್ಟುಹೋಗಿತ್ತಂತೆ. ಮತ್ತೆ ಕಟ್ಟುವಾಗ ಬೆಂಕಿ ಹರಡದಿರಲಿ ಅಂತ ರಸ್ತೆಗಳನ್ನು ಅಗಲ ಮಾಡಿ ಈ ಮರಗಳನ್ನು ನೆಟ್ಟರು. ನಾನು ಬಂದದ್ದು ಆಗಸ್ಟ್ ಕೊನೆಯಲ್ಲಿ. ರಾತ್ರಿ ಎಂಟಾದರೂ ಬೆಳಕಿತ್ತು. ಎಷ್ಟು ಚೆಂದದ ಊರು ಅಂದುಕೊಂಡೆ. ಸುಮ್ನೆ ಹೇಳ್ತಾರೆ ಜನ, ಕಷ್ಟ ಕಷ್ಟ ಅಂತ, ಅನ್ನಿಸಿತ್ತು.

ಚಳಿಯ ಮಾತು ಬೇಗ ಮುಗಿಸುತ್ತೇನೆ. ಅದರಲ್ಲಿ ಹೇಳಲು ಜಾಸ್ತಿ ಏನಿಲ್ಲ. ಸ್ವೀಡನ್ನಿನಲ್ಲಿ ಒಂದು ಗಾದೆ ಇದೆ: ಕೆಟ್ಟ ಹವೆ ಅಂತ ಒಂದಿಲ್ಲ, ಕೆಟ್ಟ ಬಟ್ಟೆ ಅಂತ ಮಾತ್ರ ಇದೆ. ಅವರ ಭಾಷೆಯಲ್ಲಿ ಅದಕ್ಕೆ ಪ್ರಾಸವೂ ಇದೆ. ಮೊದಲ ಸಲ ಕೇಳಿದಾಗ ನಗು ಬರುತ್ತದೆ, ಹತ್ತನೇ ಸಲ ಸಿಟ್ಟು ಬರುತ್ತದೆ. ಆದರೆ ಮಾತು ನಿಜ. ಒಂದು ದಪ್ಪ ಜಾಕೆಟ್‌ಗಿಂತ ಮೂರು ಪದರ ಮೇಲು. ಮೈಗಂಟಿದ ಉಣ್ಣೆಯ ಥರ್ಮಲ್, ಅದರ ಮೇಲೆ ಸ್ವೆಟರ್, ಹೊರಗಡೆ ಗಾಳಿ ನುಗ್ಗದ ಜಾಕೆಟ್. ಪದರಗಳ ನಡುವೆ ಸಿಕ್ಕಿಬಿದ್ದ ಗಾಳಿಯೇ ಮೈ ಬೆಚ್ಚಗಿಡುವುದು. ಹತ್ತಿ ಬನಿಯನ್ ಬೇಡ. ಬೆವರು ಕುಡಿದು ಬೆನ್ನಿಗೆ ತಣ್ಣಗೆ ಅಂಟಿಕೊಳ್ಳುತ್ತದೆ.

ಬೂಟಿನ ವಿಷಯದಲ್ಲಿ ನಾನು ಮೋಸ ಹೋದೆ. ಅಳತೆಗೆ ಸರಿಯಾದ ಬೂಟು ಕೊಂಡು, ಅದರೊಳಗೆ ಎರಡು ಜೊತೆ ಕಾಲುಚೀಲ ತುರುಕಿದೆ. ಕಾಲು ಕಲ್ಲಾಯಿತು. ಬಿಗಿಯಾದ ಬೂಟಿನಲ್ಲಿ ಗಾಳಿಗೂ ಜಾಗವಿಲ್ಲ, ರಕ್ತ ಓಡಾಡಲೂ ಜಾಗವಿಲ್ಲ. ಒಂದು ಅಳತೆ ದೊಡ್ಡದು ತಗೊಳ್ಳಿ, ಉಣ್ಣೆಯ ಒಂದೇ ಜೊತೆ ಹಾಕಿ. ಜಾಕೆಟ್ಟನ್ನು ಊರಿಂದ ಹೊತ್ತು ತರಬೇಡಿ. ಇಲ್ಲಿನ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಸಿಗುವುದು ಇಲ್ಲಿನ ಚಳಿಗೇ ಹೊಲಿದದ್ದು. ನನ್ನದು 400 ಕ್ರೋನಾಗೆ ಸಿಕ್ಕಿತು. ಜೇಬಿನಲ್ಲಿ ಯಾರದೋ ಹಳೆಯ ಬಸ್ ಟಿಕೆಟ್ ಕೂಡ ಇತ್ತು.

ಮನೆಯೊಳಗಂತೂ ಚಳಿಯೇ ಇಲ್ಲ. ಊರಾಚೆ ಕಸ, ಮರದ ಚೂರು ಉರಿಸಿ ನೀರು ಕಾಯಿಸುತ್ತಾರೆ. ಆ ಬಿಸಿನೀರು ನೆಲದಡಿಯ ಕೊಳವೆಗಳಲ್ಲಿ ಊರೆಲ್ಲ ಸುತ್ತುತ್ತದೆ. ಕಿಟಕಿಗೆ ಮೂರು ಗಾಜು. ಹೊರಗೆ ಮೈನಸ್ 20 ಇದ್ದಾಗಲೂ ಒಳಗೆ ಟೀ ಶರ್ಟಿನಲ್ಲಿ ಕೂತು ಓದಬಹುದು. ತೊಂದರೆ ಕೊಡುವುದು ಒಣ ಗಾಳಿ. ತುಟಿ ಒಡೆಯುತ್ತದೆ, ಬಾಗಿಲ ಹಿಡಿ ಮುಟ್ಟಿದರೆ ಚಟ್ ಅಂತ ಶಾಕ್ ಹೊಡೆಯುತ್ತದೆ.

ಇನ್ನೊಂದು ಮಾತು. ಮೈನಸ್ 20ಕ್ಕಿಂತ ಸೊನ್ನೆಗೆ ಹೆದರಿ. ಗಡಗಡ ಚಳಿಯಲ್ಲಿ ಹಿಮ ಒಣಗಿರುತ್ತದೆ, ಕಾಲು ಜಾರುವುದು ಕಡಿಮೆ. ಹಗಲು ಮಳೆ ಬಂದು ರಾತ್ರಿ ಹೆಪ್ಪುಗಟ್ಟಿದ ದಿನ ಮಾತ್ರ ರಸ್ತೆ ಎಣ್ಣೆ ಸವರಿದ ಗಾಜಿನ ಹಾಗಿರುತ್ತದೆ. ನಾನು ಬಿದ್ದದ್ದು ಅಂಥ ದಿನವೇ, ಮೊಟ್ಟೆ ಹಿಡಿದುಕೊಂಡು. ಹನ್ನೆರಡರಲ್ಲಿ ಮೂರು ಉಳಿದವು. ಮರುದಿನವೇ ಹೋಗಿ ಬ್ರೊದ್ದರ್ ತಂದೆ. ಬೂಟಿನ ಅಡಿಗೆ ಸಿಕ್ಕಿಸಿಕೊಳ್ಳುವ ಮೊಳೆ ಪಟ್ಟಿ ಅದು. ಇಲ್ಲಿನ ಅಜ್ಜಿಯರೆಲ್ಲ ಅದನ್ನು ಹಾಕಿಕೊಂಡು ನನಗಿಂತ ಎರಡು ಪಟ್ಟು ಬೇಗ ನಡೆಯುತ್ತಾರೆ.

ಚಳಿಯ ಕಥೆ ಇಷ್ಟೇ. ಈಗ ಯಾರೂ ಕೇಳದ ವಿಷಯಕ್ಕೆ ಬರುತ್ತೇನೆ. ಕತ್ತಲೆ.

ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಅಲ್ಲಿಂದ ಶುರು. ನವೆಂಬರ್ ಮೊದಲಲ್ಲಿ ಮೂರೂವರೆ ಹೊತ್ತಿಗೆಲ್ಲ ಸೂರ್ಯ ಮುಳುಗುತ್ತದೆ, ತಿಂಗಳ ಕೊನೆಗೆ ಎರಡೂವರೆಗೂ ಮುಂಚೆ. ಡಿಸೆಂಬರ್ 21ರ ಹೊತ್ತಿಗೆ ಬೆಳಿಗ್ಗೆ ಒಂಬತ್ತೂವರೆ ಸುಮಾರಿಗೆ ಹುಟ್ಟಿ, ಮಧ್ಯಾಹ್ನ ಎರಡಾಗುವ ಮೊದಲೇ ಹೋಗಿಬಿಡುತ್ತದೆ. ಆ ನಾಲ್ಕೂವರೆ ಗಂಟೆಯಲ್ಲೂ ಅದು ನೆತ್ತಿಗೆ ಬರುವುದಿಲ್ಲ. ಮರಗಳ ತುದಿಗೆ ತಾಗಿಕೊಂಡು ಅಂಚಿನಲ್ಲೇ ಜಾರಿಹೋಗುತ್ತದೆ. ಅದೂ ಮೋಡವಿಲ್ಲದ ದಿನ.

ಕತ್ತಲಲ್ಲಿ ಕ್ಲಾಸಿಗೆ ಹೋಗಿ, ಕತ್ತಲಲ್ಲಿ ವಾಪಸ್. ಮೊದಲ ವಾರ ಮಜಾ ಇತ್ತು. ಮೂರನೇ ವಾರಕ್ಕೆ ನಿದ್ದೆಯ ಲೆಕ್ಕ ತಪ್ಪಿತು. ಸಂಜೆ ನಾಲ್ಕಕ್ಕೆ ಊಟ ಮಾಡಿ ಮಲಗಬೇಕು ಅನ್ನಿಸುವುದು, ನಡುರಾತ್ರಿ ಎರಡಕ್ಕೆ ಎಚ್ಚರವಾಗುವುದು. ಯಾರ ಮೇಲೂ ಸಿಟ್ಟಿಲ್ಲ, ಯಾವುದಕ್ಕೂ ಮನಸ್ಸಿಲ್ಲ. ನನಗೇನೋ ಆಗಿದೆ ಅಂತ ಹೆದರಿದ್ದೆ. ಅಡುಗೆಮನೆ ಹಂಚಿಕೊಂಡಿದ್ದ ಸ್ವೀಡಿಷ್ ಹುಡುಗಿ ನಕ್ಕು, "ನಿನಗೆ ಏನೂ ಆಗಿಲ್ಲ, ನವೆಂಬರ್ ಆಗಿದೆ" ಅಂದಳು. ಎಲ್ಲರಿಗೂ ಹೀಗೇ ಆಗುತ್ತದಂತೆ. 2012ರಲ್ಲಿ ಇಲ್ಲಿನ ವಿದ್ಯುತ್ ಕಂಪನಿ ಉಮೆಯೊದ ಸುಮಾರು 30 ಬಸ್ ಸ್ಟಾಪುಗಳಲ್ಲಿ ಹಗಲಿನಷ್ಟು ಪ್ರಖರವಾದ ದೀಪ ಹಾಕಿತ್ತು. ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಜನ ಒಂದಿಷ್ಟು ಬೆಳಕು ಕುಡಿಯಲಿ ಅಂತ. ಬೆಳಕಿಗೆ ಇಷ್ಟು ಬರ ಇರುವ ಊರಲ್ಲಿ ಚಳಿಯ ಮಾತು ಯಾರಿಗೆ ಬೇಕು, ಅಲ್ವಾ?

ಕತ್ತಲಲ್ಲಿ ನಡೆಯುವಾಗ ಬಟ್ಟೆಗೆ ರಿಫ್ಲೆಕ್ಟರ್ ತೂಗಿಸಿಕೊಳ್ಳಬೇಕು. ಕಪ್ಪು ಜಾಕೆಟ್ ಹಾಕಿದವರು ಕಾರಿನ ದೀಪಕ್ಕೆ 20–30 ಮೀಟರ್ ಹತ್ತಿರ ಬರುವ ತನಕ ಕಾಣುವುದಿಲ್ಲ. ರಿಫ್ಲೆಕ್ಟರ್ ಇದ್ದರೆ 125 ಮೀಟರಿನಿಂದಲೇ ಕಾಣುತ್ತಾರೆ. ಮಕ್ಕಳು, ನಾಯಿಗಳು, ಪ್ರೊಫೆಸರುಗಳು, ಎಲ್ಲರೂ ಮಿನುಗಿಕೊಂಡು ಓಡಾಡುತ್ತಾರೆ.

ಆ ನವೆಂಬರಿನಲ್ಲಿ ಮೊದಲು ಕಣ್ಣು ತಣಿದದ್ದು ಸ್ಮಶಾನದಲ್ಲಿ. ನವೆಂಬರ್ ಶುರುವಿನ ಒಂದು ಶನಿವಾರ ಇಲ್ಲಿ ಸತ್ತವರ ನೆನಪಿನ ದಿನ. ಮನೆಮಂದಿ ಎಲ್ಲ ಬಂದು ಸಮಾಧಿಯ ಮುಂದೆ ಗಾಳಿಗೆ ಆರದಂಥ ಮೇಣದಬತ್ತಿ ಇಟ್ಟು ಹೋಗುತ್ತಾರೆ. ಯಾರೂ ಜೋರಾಗಿ ಮಾತಾಡುವುದಿಲ್ಲ. ನಾನು ದಾರಿ ತಪ್ಪಿ ಆ ಬೇಲಿಯ ಪಕ್ಕ ಬಂದಿದ್ದೆ. ಒಳಗೆ ನೂರಾರು ದೀಪ, ಒಂದು ಸದ್ದಿಲ್ಲ. ಅಲ್ಲಿ ನನಗೆ ಪರಿಚಯದವರು ಯಾರೂ ಇರಲಿಲ್ಲ. ಆದರೂ ಅರ್ಧ ಗಂಟೆ ನಿಂತಿದ್ದೆ.

ಹಿಮದ ಪ್ರಶ್ನೆಗೆ ಈಗ ಬಂದೆ ನೋಡಿ. ಮೊದಲ ಹಿಮ ಬೀಳುವುದನ್ನು ನಾನು ನೋಡಲೇ ಇಲ್ಲ. ನಿದ್ದೆ ಮಾಡುತ್ತಿದ್ದೆ. ಬೆಳಿಗ್ಗೆ ಆರಕ್ಕೆ ಎಚ್ಚರವಾದಾಗ ಕೋಣೆಯ ಚಾವಣಿ ಬೆಳ್ಳಗಿತ್ತು. ಲೈಟ್ ಆರಿಸದೆ ಮಲಗಿದೆನಾ ಅಂತ ನೋಡಿದರೆ ಆರಿದೆ. ಹೊತ್ತು ಮೀರಿ ಮಲಗಿದೆನಾ ಅಂತ ಗಡಿಯಾರ ನೋಡಿದರೆ ಆರೇ ಗಂಟೆ. ಕಿಟಕಿ ಹತ್ತಿರ ಹೋದಾಗ ಗೊತ್ತಾಯಿತು. ಬೀದಿದೀಪದ ಬೆಳಕು ನೆಲದ ಹಿಮಕ್ಕೆ ಬಡಿದು ಮೇಲೆದ್ದು ನನ್ನ ಚಾವಣಿಗೆ ಬಂದಿತ್ತು. ಒದ್ದೆ ಟಾರು ರಸ್ತೆ ತನ್ನ ಮೇಲೆ ಬಿದ್ದ ಬೆಳಕನ್ನೆಲ್ಲ ನುಂಗಿಬಿಡುತ್ತದೆ. ಹೊಸ ಹಿಮ ನೂರಕ್ಕೆ 80ಕ್ಕಿಂತ ಜಾಸ್ತಿ ವಾಪಸ್ ಕೊಡುತ್ತದೆ. ಸೂರ್ಯ ಒಂದು ನಿಮಿಷವೂ ಹೆಚ್ಚಿಗೆ ಬರಲಿಲ್ಲ, ಊರು ಮಾತ್ರ ಎರಡು ಪಟ್ಟು ಬೆಳಗಿತು. ಆವತ್ತು ಬಸ್ಸಿನಲ್ಲಿ ಎಲ್ಲರ ಮುಖವೂ ಬೇರೆ ಇತ್ತು. ಇಲ್ಲಿನ ಜನ ಹಿಮಕ್ಕಾಗಿ ಕಾಯುತ್ತಾರೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಹೇಗನ್ನಿಸಿತು ಅಂದರೆ ಇದೇ. ಯಾರೋ ಬಂದು ಲೈಟ್ ಹಾಕಿದ ಹಾಗೆ.

ಹೊರಗೋಡಿ ಹಿಮದುಂಡೆ ಮಾಡಲು ಹೋದೆ. ಆಗಲಿಲ್ಲ. ಒಣ ಹಿಟ್ಟಿನ ಹಾಗೆ ಬೆರಳ ಸಂದಿಯಿಂದ ಉದುರಿತು. ಮೈನಸ್ 12 ಇತ್ತು ಆವತ್ತು. ಉಂಡೆ ಕಟ್ಟಬೇಕಾದರೆ ಹಿಮದಲ್ಲಿ ಸ್ವಲ್ಪ ನೀರಿನ ಪಸೆ ಇರಬೇಕು, ಅದು ಸೊನ್ನೆಯ ಆಸುಪಾಸಿನಲ್ಲಿ ಮಾತ್ರ. ಅಂಥ ಹಿಮಕ್ಕೆ ಇವರಲ್ಲಿ ಬೇರೆಯೇ ಹೆಸರಿದೆ, ಕ್ರಾಮ್‌ಸ್ನೋ. ಹಿಸುಕಿದರೆ ನಿಲ್ಲುವ ಹಿಮ. ಇದು ಅದಲ್ಲ, ಕಾಯಬೇಕು ಅಂದಳು ಪಕ್ಕದ ಕೋಣೆಯವಳು.

ಕಾಯುವಷ್ಟರಲ್ಲಿ ಹಬ್ಬಗಳು ಬಂದವು. ಹಬ್ಬ ಅಂದರೆ ಬರೀ ಡಿಸೆಂಬರ್ 25 ಅಂದುಕೊಂಡಿದ್ದೆ. ಇಲ್ಲಿ ಅದು ಒಂದೂವರೆ ತಿಂಗಳ ವ್ಯವಹಾರ. ಕ್ರಿಸ್ಮಸ್‌ಗೆ ನಾಲ್ಕು ಭಾನುವಾರ ಮೊದಲು ಅಡ್ವೆಂಟ್, ಅಂದರೆ ಕ್ರಿಸ್ಮಸ್‌ಗೆ ಕಾಯುವ ಕಾಲ, ಶುರು. ಆವತ್ತು ಸಂಜೆ ಹೊತ್ತಿಗೆ ಊರಿನ ಹೆಚ್ಚುಕಮ್ಮಿ ಎಲ್ಲ ಕಿಟಕಿಯಲ್ಲೂ ಕಾಗದದ ನಕ್ಷತ್ರದೊಳಗೊಂದು ಬಲ್ಬು, ಇಲ್ಲವೇ ಏಳು ದೀಪದ ಗೋಪುರದಂಥ ಸ್ಟ್ಯಾಂಡು. ಮನೆ, ಬ್ಯಾಂಕು, ದಂತವೈದ್ಯರ ಕ್ಲಿನಿಕ್ಕು, ಯಾವುದೂ ಬಿಟ್ಟಿಲ್ಲ. ಈ ವಿದ್ಯುತ್ ದೀಪದ ಸ್ಟ್ಯಾಂಡನ್ನು 1930ರ ದಶಕದಲ್ಲಿ ಗೋಥೆನ್‌ಬರ್ಗ್‌ನ ಆಸ್ಕರ್ ಆಂಡರ್ಸನ್ ಎಂಬಾತ ಮೊದಲು ಮಾಡಿದ್ದಂತೆ. ಬಿಸಾಡಲು ಇಟ್ಟಿದ್ದ ಕ್ರಿಸ್ಮಸ್ ಮರದ ಬಲ್ಬುಗಳನ್ನು ಹಳೆಯ ಮೇಣದಬತ್ತಿ ಸ್ಟ್ಯಾಂಡಿಗೆ ಸಿಕ್ಕಿಸಿದ, ಅಷ್ಟೇ. ನನಗೆ ಹಿಡಿಸಿದ್ದು ಒಂದು ವಿಷಯ. ಈ ದೀಪಗಳು ಕೋಣೆಯ ಒಳಗಿನವರಿಗಲ್ಲ, ಕಿಟಕಿಯಲ್ಲಿಟ್ಟಿರುವುದು ಬೀದಿಯಲ್ಲಿ ಹೋಗುವವರಿಗೆ. ಪರದೆಯನ್ನೂ ಎಳೆಯುವುದಿಲ್ಲ. ನಾನೂ 99 ಕ್ರೋನಾ ಕೊಟ್ಟು ಒಂದು ನಕ್ಷತ್ರ ತಂದು ತೂಗುಹಾಕಿದೆ.

ಡಿಸೆಂಬರ್ 13 ಲೂಸಿಯಾ ಹಬ್ಬ. ಮೊದಲ ವರ್ಷ ಬಂದವರು ಇದನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ಬೆಳಿಗ್ಗೆ ಏಳಕ್ಕೆ, ಕಗ್ಗತ್ತಲಲ್ಲಿ, ನಮ್ಮ ವಿಭಾಗದ ದೊಡ್ಡ ಹಾಲಿನಲ್ಲಿ ನೆಲದ ಮೇಲೆ ಕೂತಿದ್ದೆವು. ಲೈಟ್ ಆರಿಸಿದರು. ದೂರದ ಕಾರಿಡಾರಿನಿಂದ ಹಾಡು ಕೇಳಿತು, ಆಮೇಲೆ ಬೆಳಕು ಬಂತು. ಬಿಳಿ ನಿಲುವಂಗಿ, ಸೊಂಟಕ್ಕೆ ಕೆಂಪು ಪಟ್ಟಿ, ಮುಂದೆ ಒಬ್ಬಳ ತಲೆಯ ಮೇಲೆ ಉರಿಯುವ ಮೇಣದಬತ್ತಿಗಳ ಕಿರೀಟ. ನಿಜವಾದ ಬೆಂಕಿ! ಮೇಣ ಕೂದಲಿಗೆ ಬೀಳದಿರಲಿ ಅಂತ ಕೆಳಗೆ ಒದ್ದೆ ಬಟ್ಟೆ ಇಟ್ಟಿರುತ್ತಾರಂತೆ. ಲೂಸಿಯಾ ಇಟಲಿಯ ಸಿಸಿಲಿ ದ್ವೀಪದ ಸಂತಳು. ಆಕೆ ಇಷ್ಟು ಉತ್ತರಕ್ಕೆ ಯಾಕೆ ಬಂದಳು? ಕ್ಯಾಲೆಂಡರಿನಿಂದ. ಸ್ವೀಡನ್ 1753ರ ತನಕ ಹಳೆಯ ಜೂಲಿಯನ್ ಕ್ಯಾಲೆಂಡರ್ ಬಳಸುತ್ತಿತ್ತು. ಆ ಕಾಲದ ಜನರ ಪ್ರಕಾರ ಲೂಸಿಯಾಳ ರಾತ್ರಿಯೇ ವರ್ಷದ ಅತಿ ಉದ್ದದ ರಾತ್ರಿ. ಅತಿ ಉದ್ದದ ರಾತ್ರಿಗೆ ತಲೆ ಮೇಲೆ ದೀಪ ಹೊತ್ತವಳು ಬೇಕಾಗಿತ್ತು. ಆಮೇಲೆ ಎಲ್ಲರಿಗೂ ಕಾಫಿ ಮತ್ತು ಕೇಸರಿ ಹಾಕಿದ ಹಳದಿ ಬನ್ನು. ಸುರುಳಿ ಸುತ್ತಿ, ಎರಡು ತುದಿಗೂ ಒಂದೊಂದು ಒಣದ್ರಾಕ್ಷಿ ಒತ್ತಿರುತ್ತಾರೆ. ನಾನು ನಾಲ್ಕು ತಿಂದೆ. ಹಳಸಿದ ಮೇಲೆ ಅದು ಮರದ ತುಂಡು, ಬಿಸಿಯಿದ್ದಾಗಲೇ ತಿನ್ನಿ.

ಕ್ರಿಸ್ಮಸ್ ಹೊತ್ತಿಗೆ ನಮ್ಮ ಕಾರಿಡಾರ್ ಖಾಲಿ. ಹೊರದೇಶದವರು ಮಾತ್ರ ಉಳಿಯುತ್ತೇವೆ. ಯಾರಾದರೂ ಮನೆಗೆ ಕರೆದರೆ ಸಂಕೋಚ ಬಿಟ್ಟು ಹೋಗಿ. ನಾನು ಕ್ಲಾಸಿನ ಗೆಳತಿಯ ಹಳ್ಳಿಗೆ ಹೋದೆ. ಇಲ್ಲಿ ಮುಖ್ಯ ದಿನ 24, 25 ಅಲ್ಲ. ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಇಡೀ ಮನೆ ಟಿವಿ ಮುಂದೆ ಕೂತಿತು. ಪ್ರಳಯವೇ ಆದರೂ ಆ ಹೊತ್ತಿಗೆ ಡೊನಾಲ್ಡ್ ಡಕ್ ನೋಡಲೇಬೇಕು. ದಶಕಗಳಿಂದ ವರ್ಷವರ್ಷವೂ ಹೆಚ್ಚುಕಮ್ಮಿ ಅದೇ ಕಾರ್ಯಕ್ರಮ. 70 ದಾಟಿದ ಅಜ್ಜ ಒಂದೊಂದು ಮಾತನ್ನೂ ಪಾತ್ರಕ್ಕಿಂತ ಮೊದಲೇ ಹೇಳುತ್ತಿದ್ದರು. ಆಮೇಲೆ ಗೆಳತಿಯ ಅಪ್ಪ "ಪೇಪರ್ ತರ್ತೀನಿ" ಅಂತ ಹೊರಗೆ ಹೋದರು. ಐದು ನಿಮಿಷಕ್ಕೆ ಗಡ್ಡದ ತೊಮ್ತೆ, ಅಂದರೆ ಇಲ್ಲಿನ ಸಾಂತಾ ಕ್ಲಾಸ್, ಚೀಲ ಹೊತ್ತು ಬಂದ. ಗೆಳತಿಯ ನಾಲ್ಕು ವರ್ಷದ ಸೋದರಳಿಯ ಅವನ ಕಾಲು ನೋಡಿ "ತಾತನ ಬೂಟು!" ಅಂದ. ಎಲ್ಲರೂ ಕೇಳಿಸದವರ ಹಾಗೆ ಇದ್ದರು.

ಊಟದ ಮೇಜಿನಲ್ಲಿ ವಿನೆಗರಿನಲ್ಲಿ ನೆನೆಸಿಟ್ಟ ಹೆರಿಂಗ್ ಮೀನು, ಹಂದಿಮಾಂಸ ಜಾಸ್ತಿ. ಮಾಂಸ ತಿನ್ನದ ನನಗೆ ಆಲೂಗಡ್ಡೆ, ಬೀಟ್‌ರೂಟ್ ಸಲಾಡ್, ಮತ್ತೆ ಹಾಲಿನಲ್ಲಿ ಬೇಯಿಸಿದ ಅಕ್ಕಿ ಗಂಜಿ. ಗಂಜಿಯಲ್ಲಿ ಒಂದೇ ಒಂದು ಬಾದಾಮಿ ಅಡಗಿರುತ್ತದೆ. ಅದು ಸಿಕ್ಕವರಿಗೆ ಬರುವ ವರ್ಷ ಮದುವೆ. ನನಗೆ ಸಿಕ್ಕಿತು. ಇದನ್ನು ಅತ್ತೆಗೆ ಹೇಳಬಾರದಿತ್ತು.

ಜನವರಿ 13ಕ್ಕೆ ಹಬ್ಬದ ಗಂಟು ಕಟ್ಟುತ್ತಾರೆ. ಮರದ ಅಲಂಕಾರ ಬಿಚ್ಚಿ, ಮಕ್ಕಳು ಅದರ ಸುತ್ತ ಕುಣಿದು, ಮರವನ್ನು ಹೊರಗೆ ಎಸೆಯುತ್ತಾರೆ. ಕಿಟಕಿಯ ನಕ್ಷತ್ರಗಳೂ ಒಂದೊಂದಾಗಿ ಮಾಯವಾದವು. ಮತ್ತೆ ಮಂಕು ಕವಿಯಿತು.

ಅದಾಗಿ ವಾರದೊಳಗೆ ಒಂದು ಮಧ್ಯಾಹ್ನ ಹವೆ ಸಡಿಲವಾಯಿತು, ಹೆಚ್ಚುಕಮ್ಮಿ ಸೊನ್ನೆ. ಪಕ್ಕದ ಕೋಣೆಯವಳು ಬಾಗಿಲು ಬಡಿದಳು. "ಬಾ, ಕ್ರಾಮ್‌ಸ್ನೋ!" ಆರು ಜನ ಅಂಗಳಕ್ಕಿಳಿದೆವು. ಉಂಡೆಗಳನ್ನು ಮಾಡಿ ಎಸೆದಾಡುತ್ತೇವೆ ಅಂದುಕೊಂಡಿದ್ದೆ. ಅವಳು ಅವುಗಳನ್ನು ನೆಲದಲ್ಲಿ ವೃತ್ತವಾಗಿ ಜೋಡಿಸಿದಳು. ಅದರ ಮೇಲೆ ಸ್ವಲ್ಪ ಚಿಕ್ಕ ವೃತ್ತ, ಮತ್ತೊಂದು, ಮತ್ತೊಂದು. ಗೋಪುರದ ತುದಿ ಮುಚ್ಚುವ ಮೊದಲು ಒಳಗೊಂದು ಮೇಣದಬತ್ತಿ ಹಚ್ಚಿಟ್ಟಳು. ಉಂಡೆಗಳ ಸಂದಿಯಿಂದ ಹಳದಿ ಬೆಳಕು ಹೊರಬಂತು. ಇದಕ್ಕೆ ಹಿಮದ ಲಾಂದ್ರ ಅಂತಲೇ ಹೆಸರು. ಸಂಜೆಯೊಳಗೆ ಅಂಗಳದಲ್ಲಿ ಒಂಬತ್ತು ಲಾಂದ್ರ ಕಟ್ಟಿದೆವು.

ಫೋಟೋ ತೆಗೆದು ಅತ್ತೆಗೆ ಕಳಿಸಿದೆ. ತಕ್ಷಣ ಫೋನ್ ಬಂತು. "ಚೆನ್ನಾಗಿದೆಯೇ. ಅಷ್ಟು ಹೊತ್ತು ಹಿಮ ಮುಟ್ಟಿದ್ರೆ ಕೈ ಚಳಿ ಆಗಲ್ವಾ?"

ಆಗಿತ್ತು. ಗ್ಲೌಸು ಪೂರ್ತಿ ನೆಂದು ಫೋನ್ ಹಿಡಿಯಲೂ ಬರುತ್ತಿರಲಿಲ್ಲ. ಸ್ಪೀಕರ್ ಹಾಕಿ ಹಿಮದ ಮೇಲೆ ಇಟ್ಟು, "ಇಲ್ಲ ಅತ್ತೆ" ಅಂದೆ.