ಬೇಸಿಗೆಯ ಅಡುಗೆಮನೆಯಲ್ಲಿ ಐಸ್‌ಗೆ ಮೊದಲ ಮಣೆ

ಉಡುಪಿಯ ಮೀನೂಟದ ಹೋಟೆಲೊಂದರ ಅಡುಗೆಮನೆಯಲ್ಲಿ ನನಗಿದು ಹನ್ನೊಂದನೆಯ ಬೇಸಿಗೆ. ಮೊದಲ ನಾಲ್ಕೈದು ವರ್ಷ ಡಿಸೆಂಬರಿನಲ್ಲಿ ಅರೆಯುತ್ತಿದ್ದ ಮಸಾಲೆಯನ್ನೇ ಮೇ ತಿಂಗಳಲ್ಲೂ ಅರೆಯುತ್ತಿದ್ದೆ. ಅದೇ ದಪ್ಪ ಗಸಿ, ಅದೇ ಹುಳಿ, ಮೇಲೆ ತೇಲುವ ಅದೇ ಎಣ್ಣೆ. ಎರಡು ಗಂಟೆಯ ಬಿಸಿಲಿನಲ್ಲಿ ಉಣ್ಣಲು ಬಂದವರು ಮೀನಿನ ಹೋಳನ್ನು ತಿಂದು, ಗಸಿಯನ್ನು ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದರು. ದಿನವೂ ಆ ತಟ್ಟೆಗಳನ್ನು ನೋಡಿಯೂ ನನಗೆ ಬುದ್ಧಿ ಬಂದಿರಲಿಲ್ಲ.

ಬುದ್ಧಿ ಕಲಿಸಿದ್ದು ಬಂಗುಡೆ. ಒಂದು ಮೇ ತಿಂಗಳ ಶನಿವಾರ ಮಲ್ಪೆಯಿಂದ ಬಂದ ಪೆಟ್ಟಿಗೆಯಲ್ಲಿ ಐಸ್ ಮುಕ್ಕಾಲು ಕರಗಿತ್ತು. ಆದರೂ ಕಿವಿರು ಕೆಂಪಗಿತ್ತು, ಕಣ್ಣು ಹೊಳೆಯುತ್ತಿತ್ತು, ವಾಸನೆಯೂ ಇರಲಿಲ್ಲ. ಒಳ್ಳೆಯ ಮಾಲೆಂದು ಒಮ್ಮೆಗೇ ಎಲ್ಲವನ್ನೂ ಕೊಯ್ದು, ಮಸಾಲೆ ಸವರಿ, ಒಲೆಯ ಪಕ್ಕದ ಕಟ್ಟೆಯ ಮೇಲೆ ಇಟ್ಟುಬಿಟ್ಟೆ. ಶನಿವಾರದ ಗಡಿಬಿಡಿಯಲ್ಲಿ ಅದು ಮೂರು ತಾಸು ಅಲ್ಲೇ ಉಳಿಯಿತು. ಅದನ್ನು ತಿಂದ ಇಬ್ಬರಿಗೆ ಅರ್ಧ ಗಂಟೆಯೊಳಗೆ ಮುಖ ಕೆಂಪೇರಿ, ಮೈಯೆಲ್ಲ ತುರಿಕೆ, ತಲೆನೋವು. ಮೀನು ಒಗ್ಗದವರಿರಬೇಕೆಂದು ನಾವು ಸಮಾಧಾನ ಮಾಡಿಕೊಳ್ಳಲು ನೋಡಿದೆವು. ಅವರೋ ಹುಟ್ಟಿದಾಗಿನಿಂದ ಬಂಗುಡೆ ತಿಂದು ಬೆಳೆದವರು!

ಸಂಜೆಯೊಳಗೆ ಇಬ್ಬರೂ ಚೇತರಿಸಿಕೊಂಡರು. ಅವರನ್ನು ನೋಡಿದ ವೈದ್ಯರು ನನ್ನನ್ನು ಕೂರಿಸಿಕೊಂಡು ವಿಷಯ ಬಿಡಿಸಿ ಹೇಳಿದರು. ಬಂಗುಡೆ, ಬೂತಾಯಿಯಂಥ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೆಚ್ಚು. ಸೆಕೆಯಲ್ಲಿ ಬಿಟ್ಟರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ, ಅಂದರೆ ಈ ತುರಿಕೆ, ತಲೆನೋವು ತರುವ ವಸ್ತುವಾಗಿ ಮಾರ್ಪಡಿಸುತ್ತವೆ. ಮೀನು ನಾರುವ ಮೊದಲೇ ಅದು ಸೇರಿಕೊಂಡಿರಬಹುದು. ಒಮ್ಮೆ ಸೇರಿತೆಂದರೆ ಕುದಿಸಿದರೂ ಹೋಗದು, ಕರಿದರೂ ಹೋಗದು. ಇಷ್ಟು ವರ್ಷ ನನ್ನ ಮೂಗನ್ನೇ ನಂಬಿ ಕುಳಿತಿದ್ದೆ.

ಮರುದಿನದಿಂದ ಮೀನಿನಷ್ಟೇ ತೂಕದ ಐಸ್ ತರಿಸತೊಡಗಿದೆ. ಪುಡಿ ಮಾಡಿದ ಐಸ್ ಒಂದು ಪದರ, ಮೀನು ಒಂದು ಪದರ, ಮೇಲೆ ಮತ್ತೆ ಐಸ್. ಪೆಟ್ಟಿಗೆಯ ಅಡಿಗೆ ತೂತು. ಕರಗಿದ ನೀರಿನಲ್ಲಿ ಮೀನು ನೆನೆಯಬಾರದು. ಒಂದು ಸಲಕ್ಕೆ ಹತ್ತು ಮೀನು ಮಾತ್ರ ಹೊರಗೆ. ಐಸಿನ ಬಿಲ್ಲು ಕಂಡ ಯಜಮಾನರು, "ನೀರಿಗೂ ಇಷ್ಟು ದುಡ್ಡೇ?" ಎಂದು ಒಂದು ವಾರ ಗೊಣಗಿದರು.

ಮಸಾಲೆ ಇಳಿಸುವ ಧೈರ್ಯ ಬಂದದ್ದು ಇದಾದ ಮೇಲೆ. ಬಂದರಿನಲ್ಲಿ ನಮಗೆ ಮೀನು ಕೊಡುವ ಅಕ್ಕ ಒಮ್ಮೆ ಹೋಟೆಲಿಗೆ ಬಂದು ಗಸಿಯ ಪಾತ್ರೆಗೆ ಇಣುಕಿ, "ಮೀನು ಒಮ್ಮೆ ಸತ್ತದ್ದು ಸಾಲದೇ ಮಾರಾಯರೇ, ಇದರಲ್ಲಿ ಮತ್ತೊಮ್ಮೆ ಮುಳುಗಿಸಬೇಕೇ?" ಎಂದಿದ್ದರು. ಆಗ ಸಿಟ್ಟು ಬಂದಿತ್ತು. ಈಗ ಅವರ ಮಾತನ್ನೇ ಸಹಾಯಕ ಹುಡುಗರಿಗೆ ಹೇಳುತ್ತೇನೆ, ನನ್ನದೇ ಎಂಬಂತೆ.

ಬೇಸಿಗೆಯ ಬಂಗುಡೆ ಸಾರಿಗೆ ಈಗ ಹುಣಸೆಹುಳಿ ಹಾಕುವುದಿಲ್ಲ, ಮಾವಿನಕಾಯಿ ಸಾಕು. ಮೊದಲ ಸಲ ಅಭ್ಯಾಸಬಲದಿಂದ ಎರಡನ್ನೂ ಹಾಕಿ, ಇಡೀ ಪಾತ್ರೆ ಬಾಯಿಗಿಡಲಾಗದಂತಾಗಿ ಚೆಲ್ಲಬೇಕಾಯಿತು. ಹುಣಸೆಯನ್ನು ಉಂಡೆಯ ಲೆಕ್ಕದಲ್ಲಿ ಹಾಕಬಹುದು. ಮಾವಿನಕಾಯಿಗೆ ಆ ಲೆಕ್ಕ ನಡೆಯದು. ಮಾರ್ಚಿನಲ್ಲಿ ಹಲ್ಲು ಚುಳ್ಳೆನ್ನಿಸಿದ ಅದೇ ಮರದ ಕಾಯಿ ಮೇ ನಡುವಿಗೆ ಸಿಹಿಗೆ ತಿರುಗಿರುತ್ತದೆ. ಹಾಗಾಗಿ ಪ್ರತಿ ಕಾಯಿಯ ಒಂದು ಚೂರು ನನ್ನ ಬಾಯಿಗೆ ಹೋಗಲೇಬೇಕು. ತೆಂಗಿನತುರಿ, ಬ್ಯಾಡಗಿ ಮೆಣಸು, ನಾಲ್ಕು ಕಾಳು ಮೆಂತೆ, ಅರಿಶಿನ ಇಷ್ಟನ್ನೇ ನುಣ್ಣಗೆ ಅರೆದು, ತೆಳ್ಳಗೆ ಕದಡಿ, ಮಾವಿನ ಹೋಳು ಅರೆಬೆಂದ ಮೇಲೆ ಮೀನು ಬಿಡುತ್ತೇನೆ. ಸೌಟು ಆಡಿಸುವಂತಿಲ್ಲ, ಪಾತ್ರೆಯನ್ನೇ ಹಿಡಿದು ಅಲುಗಿಸಬೇಕು. ಐದಾರು ನಿಮಿಷಕ್ಕೆ ಕೆಳಗಿಳಿಸಿ, ಒಂದು ಚಮಚ ಹಸಿ ತೆಂಗಿನೆಣ್ಣೆ. ಬಂಗುಡೆಯಲ್ಲೇ ಜಿಡ್ಡಿರುವಾಗ ಒಗ್ಗರಣೆಯ ಎಣ್ಣೆ ಏಕೆ ಬೇಕು?

ಸಿಗಡಿಗೆ ಬಸಳೆ ಜೋಡಿ. ಬೇಸಿಗೆಯಲ್ಲಿ ಉಳಿದ ಸೊಪ್ಪು ಬಾಡಿದರೂ ಬಚ್ಚಲ ನೀರು ಕುಡಿದ ಬಸಳೆ ಚಪ್ಪರ ಹಸಿರಾಗಿಯೇ ಇರುತ್ತದೆ. ಮೊದಲು ದಂಟು ಬೇಯಬೇಕು, ಎಲೆ ಆಮೇಲೆ, ಸಿಗಡಿ ಕಟ್ಟಕಡೆಗೆ. ಈ ಕ್ರಮ ತಪ್ಪಿದರೆ ಸಿಗಡಿ ರಬ್ಬರಿನಂತಾಗುತ್ತದೆ. ಊಟದ ಕೊನೆಗೆ ಪುನರ್ಪುಳಿ ಸಾರು ಕೊಡುತ್ತೇವೆ. ಬೆಲ್ಲ ಮಾತ್ರ ಕಡಿಮೆ. ತಟ್ಟೆಗಳು ಈಗ ಬಹುಮಟ್ಟಿಗೆ ಬರಿದಾಗಿ ಮರಳುತ್ತವೆ. ಆದರೂ ದಪ್ಪ ಗಸಿಯೇ ಬೇಕೆಂದು ಹಟ ಹಿಡಿಯುವ ಹಳೆಯ ಗಿರಾಕಿಗಳು ನಾಲ್ಕಾರು ಮಂದಿ ಇದ್ದಾರೆ. ಅವರಿಗಾಗಿ ಒಂದು ಚಿಕ್ಕ ಪಾತ್ರೆ ಪ್ರತ್ಯೇಕವಾಗಿ ಕುದಿಯುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ನಾಡದೋಣಿಯ ಮೀನು ಸಿಕ್ಕಷ್ಟೇ ಲಾಭ. ಮೇ ಕೊನೆಯ ದಿನ ಐಸ್ ಪೆಟ್ಟಿಗೆಗಳನ್ನೆಲ್ಲ ಉಜ್ಜಿ ತೊಳೆದು, ಹಿತ್ತಲಿನಲ್ಲಿ ಕವುಚಿ ಹಾಕುತ್ತೇವೆ. ಆ ರಾತ್ರಿ ಅಡುಗೆಮನೆಯವರ ಊಟಕ್ಕೆ ಕುಚ್ಚಲಕ್ಕಿ ಗಂಜಿ, ಮಾವಿನಕಾಯಿ ಹಾಕಿದ ಒಣ ಸಿಗಡಿ ಚಟ್ನಿ.